ಸಾವಿರ ಅಡಿ ದೂರದ ಫಲಕಗಳು

ಎಲ್ಲರಿಗೂ ನಮಸ್ಕಾರ.

ವಾಕ್ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: ಥಿಯೇಟರಿನಲ್ಲಿ ಕೂತು ಸುಮ್ನೆ 'ಬೆಂಕಿ ಬೆಂಕಿ' ಅಂತ ಕೂಗೋಕಾಗುತ್ತಾ? ಆಗಲ್ಲ, ಸರಿ. ಆದರೆ ಈ ಉದಾಹರಣೆ ಹುಟ್ಟಿದ ಕೇಸಿನಲ್ಲಿ ಥಿಯೇಟರೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಇದ್ದದ್ದು ಬರೀ ಕರಪತ್ರ. ಮೊದಲ ಮಹಾಯುದ್ಧದ ಕಾಲ. ಕಡ್ಡಾಯ ಸೇನಾ ಭರ್ತಿಯನ್ನು ವಿರೋಧಿಸಿ ಅಮೆರಿಕದ ಸೋಷಲಿಸ್ಟ್ ಪಕ್ಷದ ಚಾರ್ಲ್ಸ್ ಶೆಂಕ್ ಅದನ್ನು ಹಂಚಿಸಿದ್ದರು. 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಬೆಂಕಿಯ ಹೋಲಿಕೆ ಕೊಟ್ಟವರು ಆ ತೀರ್ಪು ಬರೆದ ನ್ಯಾಯಮೂರ್ತಿ ಹೋಮ್ಸ್. ಅದೇ ತಿಂಗಳು, ಒಂದು ಭಾಷಣಕ್ಕಾಗಿ ಅದೇ ಪಕ್ಷದ ನಾಯಕ ಯೂಜೀನ್ ಡೆಬ್ಸ್ ಅವರಿಗೆ ಹತ್ತು ವರ್ಷ ಜೈಲು ಖಾಯಂ ಆಯಿತು. ಅವರೋ, 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು ಒಂಬತ್ತು ಲಕ್ಷಕ್ಕೂ ಜಾಸ್ತಿ ಓಟು ತಗೊಂಡರು!

ಮಾತಿಗೆ ರಕ್ಷಣೆ ಕೊಡುವ, ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಬಂದದ್ದು 1791ರಲ್ಲಿ. ಅಷ್ಟಿದ್ದೂ ಗತಿ ಇದು. ಯಾವ ಮಾತಿಗೆ ಶಿಕ್ಷೆ ಅನ್ನುವ ಗೆರೆ ನಿಜವಾಗಿ ಸರಿದದ್ದು 1969ರಲ್ಲಿ, ಅದೂ ಬಿಳಿಯರೇ ಮೇಲು ಅನ್ನುವ ಕೂ ಕ್ಲಕ್ಸ್ ಕ್ಲಾನ್ ಗುಂಪಿನ ನಾಯಕನೊಬ್ಬನ ಕೇಸಿನಲ್ಲಿ. ಜನರನ್ನು ಆಗಿಂದಾಗಲೇ ಕಾನೂನು ಮುರಿಯಲು ಎಬ್ಬಿಸುವ ಉದ್ದೇಶ ಇರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಆಗ ಮಾತ್ರ ಪ್ರಚೋದನೆ ಎಂದು ಶಿಕ್ಷಿಸಬಹುದು.

ಈಗ ನನ್ನನ್ನು ಜಾಸ್ತಿ ಕಾಡುವ ಕೇಸಿಗೆ ಬರುತ್ತೇನೆ. 2006. ಇರಾಕಿನಲ್ಲಿ ಸತ್ತ ಮರೀನ್ ಯೋಧನೊಬ್ಬನ ಅಂತ್ಯಸಂಸ್ಕಾರ, ಮೇರಿಲ್ಯಾಂಡಿನ ಚರ್ಚಿನಲ್ಲಿ. ಕ್ಯಾನ್ಸಸ್‌ನಿಂದ ಏಳು ಜನ ಬಂದರು: ವೆಸ್ಟ್‌ಬರೋ ಚರ್ಚಿನ ಪಾದ್ರಿ ಫ್ರೆಡ್ ಫೆಲ್ಪ್ಸ್, ಅವರ ಇಬ್ಬರು ಹೆಣ್ಣುಮಕ್ಕಳು, ನಾಲ್ಕು ಮೊಮ್ಮಕ್ಕಳು. ಕೈಯಲ್ಲಿ ಫಲಕ: 'ಸೈನಿಕರು ಸತ್ತದ್ದಕ್ಕೆ ದೇವರಿಗೆ ವಂದನೆ'. ಸಲಿಂಗಕಾಮವನ್ನು ಸಹಿಸುವ ದೇಶಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅನ್ನುವುದು ಅವರ ವಾದ. ಸತ್ತ ಹುಡುಗನಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ.

ಅವರು ನಿಂತದ್ದು ಚರ್ಚಿನಿಂದ ಸುಮಾರು ಸಾವಿರ ಅಡಿ ದೂರ, ಸಾರ್ವಜನಿಕ ಜಾಗದಲ್ಲಿ. ಪೊಲೀಸರಿಗೆ ಮೊದಲೇ ತಿಳಿಸಿದ್ದರು. ಸತ್ತ ಯೋಧನ ತಂದೆ ಸ್ನೈಡರ್ ಅವರಿಗೆ ಆಗ ಫಲಕಗಳ ತುದಿಯಷ್ಟೇ ಕಂಡಿತ್ತು. ಏನು ಬರೆದಿದೆ ಅಂತ ಗೊತ್ತಾದದ್ದು ಆ ರಾತ್ರಿ ಟಿವಿ ನ್ಯೂಸಿನಲ್ಲಿ. ಮಗನನ್ನು ಮಣ್ಣು ಮಾಡಿ ಬಂದ ರಾತ್ರಿ.

ಅವರು ಕೇಸು ಹಾಕಿದರು. ಜ್ಯೂರಿ ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು, ನ್ಯಾಯಾಧೀಶರು ಅದನ್ನು ಅರ್ಧಕ್ಕಿಂತ ಕೆಳಗಿಳಿಸಿದರು. ಮೇಲ್ಮನವಿಯಲ್ಲಿ ಅದೂ ಹೋಯಿತು. ಸಾಲದ್ದಕ್ಕೆ ಎದುರುಪಕ್ಷದ ಕೋರ್ಟ್ ಖರ್ಚು 16,510 ಡಾಲರ್ ನೀವೇ ಕಟ್ಟಿ ಎಂದು ಆ ತಂದೆಗೇ ಹೇಳಿದರು. 2011ರಲ್ಲಿ ಸುಪ್ರೀಂ ಕೋರ್ಟೂ 8-1ರಿಂದ ಫೆಲ್ಪ್ಸ್ ಪರ ನಿಂತಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹೇಳಿದ್ದಿಷ್ಟು: ಅದೇ ಜಾಗದಲ್ಲಿ 'ದೇವರು ನಿಮ್ಮನ್ನು ಪ್ರೀತಿಸುತ್ತಾನೆ' ಎಂಬ ಫಲಕ ಹಿಡಿದಿದ್ದರೆ ಯಾರೂ ಪರಿಹಾರ ಕಟ್ಟಬೇಕಾಗುತ್ತಿರಲಿಲ್ಲ. ಅಂದಮೇಲೆ ಇಲ್ಲಿ ಶಿಕ್ಷೆ ಕೊಡುತ್ತಿರುವುದು ಅಭಿಪ್ರಾಯಕ್ಕೇ ಅಲ್ವಾ?

ಒಪ್ಪದೆ ಉಳಿದವರು ನ್ಯಾಯಮೂರ್ತಿ ಅಲಿಟೋ ಒಬ್ಬರೇ. ದೇಶದ ವಿಷಯ ಚರ್ಚೆ ಮಾಡಲು ದುಃಖದಲ್ಲಿರುವ ಒಂದು ಮನೆಯವರನ್ನು ಚುಚ್ಚಬೇಕಿಲ್ಲ ಅನ್ನುವುದು ಅವರ ನಿಲುವು. ಓದುವಾಗ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ತಲೆ ಮಾತ್ರ ರಾಬರ್ಟ್ಸ್ ಹಿಂದೆ ಹೋಗುತ್ತದೆ. ಯಾಕೆಂದರೆ ಶೆಂಕ್ ಅವರ ಕರಪತ್ರವೂ ಆವತ್ತು ಬಹಳ ಜನಕ್ಕೆ ಸೈನಿಕರಿಗೆ ಮಾಡಿದ ಅವಮಾನವೇ ಆಗಿತ್ತು.

ಮಧ್ಯೆ ಒಂದು ಮಾತು. ಈ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. ಖಾಸಗಿ ಕಂಪನಿ ನಿಮ್ಮ ಪೋಸ್ಟ್ ನೋಡಿ ಕೆಲಸದಿಂದ ತೆಗೆದರೆ ಇದನ್ನು ಹಿಡಿದುಕೊಂಡು ಹೋಗಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಮಕ್ಕಳಿರುವವರು ಅವರಿಗೆ ಫೋನಿನಲ್ಲಿ ಇದನ್ನು ತಿಳಿಸಿಬಿಡಿ.

ತೀರ್ಪು ಬಂದಮೇಲೆ ಜನ ಸುಮ್ಮನಿರಲಿಲ್ಲ. 2012ರಲ್ಲಿ ಹೊಸ ಕಾನೂನು ಬಂತು, ಒಬಾಮಾ ಸಹಿ ಹಾಕಿದರು. ಸೈನಿಕರ ಅಂತ್ಯಸಂಸ್ಕಾರಕ್ಕೆ ಎರಡು ಗಂಟೆ ಮೊದಲಿನಿಂದ ಮುಗಿದ ಎರಡು ಗಂಟೆವರೆಗೆ, 300 ಅಡಿಯೊಳಗೆ ಯಾರೂ ಶಾಂತಿ ಕೆಡಿಸುವಂತಿಲ್ಲ. ಫಲಕದಲ್ಲಿ ಏನು ಬರೆಯಬಾರದು ಅನ್ನುವ ಗೋಜಿಗೆ ಆ ಕಾನೂನು ಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ.

ಫೆಲ್ಪ್ಸ್ ಆವತ್ತು ನಿಂತಿದ್ದದ್ದು ಸಾವಿರ ಅಡಿ ದೂರದಲ್ಲಿ.