ಪಾಯ ತೆಗೆಯೋ ಮುಂಚೆಯೇ ಬಡಾವಣೆಯ ಕಾರ್ಬನ್ ಲೆಕ್ಕ ಹಾಕೋದು ಹೇಗೆ?

[ಪರದೆ: ಅಕ್ಕಪಕ್ಕ ಎರಡು ನಕ್ಷೆ]

ನಮಸ್ಕಾರ. ಈ ಎರಡು ನಕ್ಷೆ ನೋಡಿ. ಎರಡರಲ್ಲೂ 10,000 ಜನಕ್ಕೆ ಮನೆ. ಎಡಗಡೆಯದು ಊರಾಚೆ ವಿಶಾಲವಾಗಿ ಹರಡಿಕೊಂಡಿದೆ, ಬಲಗಡೆಯದು ರೈಲು ನಿಲ್ದಾಣದ ಸುತ್ತ ಒತ್ತೊತ್ತಾಗಿದೆ. ಮುಂದಿನ 50 ವರ್ಷದಲ್ಲಿ ಯಾವುದರಿಂದ ಎಷ್ಟು ಕಾರ್ಬನ್ ಹೊರಬೀಳುತ್ತೆ? ಇನ್ನೂ ಪಾಯ ತೆಗೆದಿಲ್ಲ, ಆದರೂ ಅಂದಾಜು ಹೇಳಬಹುದು. ಹೇಳಿದರೆ ಪ್ರಯೋಜನ ಇರೋದೂ ಈಗಲೇ. ಜನ ಬಂದು ನೆಲೆಸಿದ ಮೇಲೆ ರಸ್ತೆಗಳ ಜಾಡು ಬದಲಿಸೋರು ಯಾರು?

[ಪರದೆ: ಚಟುವಟಿಕೆ × ಗುಣಾಂಕ = ಹೊರಸೂಸುವಿಕೆ]

ಮೂಲ ಲೆಕ್ಕ ಬರೀ ಗುಣಾಕಾರ. ಎಷ್ಟು ಇಂಧನ ಉರೀತು, ಎಷ್ಟು ಯೂನಿಟ್ ಕರೆಂಟ್ ಖರ್ಚಾಯ್ತು, ಎಷ್ಟು ಟನ್ ಕಸ ಬಿತ್ತು ಅನ್ನೋದನ್ನ ಆಯಾ ಗುಣಾಂಕದಿಂದ, ಅಂದರೆ ಒಂದೊಂದು ಲೀಟರ್, ಯೂನಿಟ್, ಟನ್‌ಗೆ ಎಷ್ಟು ಹೊರಬೀಳುತ್ತೆ ಅನ್ನೋ ಅಂಕಿಯಿಂದ ಗುಣಿಸೋದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್, ಡೀಸೆಲ್ ಆದರೆ 2.7 ಕೆಜಿ. ಲೀಟರ್ ಪೆಟ್ರೋಲೇ ಮುಕ್ಕಾಲು ಕೆಜಿ ತೂಗುತ್ತೆ, 2.3 ಎಲ್ಲಿಂದ ಬಂತು ಅಂತೀರಾ? ಉರಿಯುವಾಗ ಗಾಳಿಯಲ್ಲಿರೋ ಆಮ್ಲಜನಕ ಬಂದು ಸೇರಿಕೊಳ್ಳುತ್ತೆ, ಅದರ ತೂಕ. ಇನ್ನು ಕಸದ ಗುಡ್ಡೆಯಿಂದ ಏಳೋ ಮೀಥೇನ್ 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತೆ. ಅದನ್ನೂ ಇದೇ ಅಳತೆಗೆ ಇಳಿಸಿ ಕೂಡ್ತಾರೆ.

ಗುಣಾಕಾರ ಯಾರು ಬೇಕಾದರೂ ಮಾಡ್ತಾರೆ. ಜಗಳ ಇರೋದು ಗಡಿಯ ವಿಷಯದಲ್ಲಿ.

[ಪರದೆ: ನಗರದ ಗಡಿ, ಹೊರಗೆ ವಿದ್ಯುತ್ ಸ್ಥಾವರ, ಗಡಿ ದಾಟುವ ಕಾರು]

ಕಲ್ಲಿದ್ದಲು ಉರಿಯೋದು ಊರ ಹೊರಗೆ, ದೀಪ ಉರಿಯೋದು ಊರೊಳಗೆ. ಹೊಗೆ ಯಾರ ಖಾತೆಗೆ? ಇಂಥದ್ದಕ್ಕೆಲ್ಲ 2014ರಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆ, ಸಿ40 ಮತ್ತು ಇಕ್ಲೀ ಅನ್ನೋ ನಗರಗಳ ಒಕ್ಕೂಟಗಳು ಸೇರಿ, ನಗರಗಳ ಹೊರಸೂಸುವಿಕೆ ಎಣಿಸೋಕೆ ಜಿಪಿಸಿ ಅನ್ನೋ ನಿಯಮಾವಳಿ ತಂದವು. ಊರ ಗಡಿಯೊಳಗೆ ಉರಿದದ್ದು ಸ್ಕೋಪ್ 1, ಗ್ರಿಡ್‌ನಿಂದ ಬಂದ ವಿದ್ಯುತ್ ಸ್ಕೋಪ್ 2, ಊರಿನ ಚಟುವಟಿಕೆಯಿಂದಾಗಿ ಬೇರೆಡೆ ಆದದ್ದು ಸ್ಕೋಪ್ 3. ಪಕ್ಕದ ಊರಿಂದ ಕೆಲಸಕ್ಕೆ ಬರೋ ಕಾರಿನ ಹೊಗೆ ಎಣಿಸೋಕೂ ಒಂದಲ್ಲ, ನಾಲ್ಕು ವಿಧಾನ ಇದೆ. ಯಾವುದನ್ನ ಆರಿಸಿಕೊಂಡ್ರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ನಿಯಮ ಇದ್ದಮಾತ್ರಕ್ಕೆ ಲೆಕ್ಕ ಸರಿಯಾಗಿರುತ್ತೆ ಅಂತೇನಿಲ್ಲ. ಅಮೆರಿಕದ 48 ನಗರಗಳು ತಾವೇ ಕೊಟ್ಟ ಅಂಕಿಗಳನ್ನ ಪರಿಶೀಲಿಸಿದ 2021ರ ಅಧ್ಯಯನವೊಂದರಲ್ಲಿ, ಅವು ಸರಾಸರಿ 18.3% ಕಡಿಮೆ ತೋರಿಸಿದ್ದು ಕಂಡುಬಂತು.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗೋದು ಹೋದ ವರ್ಷದ ಜಮಾಖರ್ಚು. ನಕ್ಷೆ ಬರೆಯೋರಿಗೆ ಬೇಕಾದದ್ದು ಅದಲ್ಲ. ಈ ರಸ್ತೆ ಬಂದರೆ ಏನಾಗುತ್ತೆ, ಬರದಿದ್ದರೆ ಏನಾಗುತ್ತೆ, ಅದು ಬೇಕು.

[ಪರದೆ: ದಟ್ಟಣೆಯ ಜಂಕ್ಷನ್, ನಂತರ ಖಾಲಿ ಹೆದ್ದಾರಿ]

ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಕೇಳಿ, ನನಗೆ ಬಹಳ ಇಷ್ಟವಾದ ಉದಾಹರಣೆ. ಅಲ್ಲಿ ಹೊಸ ಕಟ್ಟಡದಿಂದ ಪರಿಸರಕ್ಕಾಗೋ ಪರಿಣಾಮ ನೋಡುವಾಗ, ಜಂಕ್ಷನ್‌ನಲ್ಲಿ ವಾಹನಗಳು ಎಷ್ಟು ತಡವಾಗ್ತವೆ ಅಂತ ಅಳೀತಿದ್ದರು. ಊರ ನಡುವೆ ಜಂಕ್ಷನ್‌ಗಳು ಮೊದಲೇ ತುಂಬಿರ್ತವೆ. ಅಲ್ಲಿ, ಬಸ್ಸು ರೈಲು ಕೈಗೆಟಕೋ ಕಡೆ ಮನೆ ಕಟ್ಟಿದರೆ 'ಪರಿಣಾಮ ಜಾಸ್ತಿ'. ಊರಾಚೆ ಖಾಲಿ ರಸ್ತೆ ಪಕ್ಕ ಕಟ್ಟಿದರೆ 'ಪರಿಣಾಮ ಕಡಿಮೆ'. ಅಲ್ಲಿನ ಜನ ಹಾಲು ತರೋಕೂ ಕಾರು ತೆಗೀಬೇಕು ಅನ್ನೋದು ಲೆಕ್ಕಕ್ಕೇ ಬರ್ತಿರಲಿಲ್ಲ! 2013ರಲ್ಲಿ ಎಸ್‌ಬಿ 743 ಅನ್ನೋ ಕಾನೂನು ಬಂತು. ಅದರಂತೆ 2020ರ ಜುಲೈನಿಂದ ಇಡೀ ರಾಜ್ಯದಲ್ಲಿ, ಕಟ್ಟಡದಿಂದಾಗಿ ವಾಹನಗಳು ಒಟ್ಟು ಎಷ್ಟು ದೂರ ಓಡ್ತವೆ ಅಂತ ಅಳೆಯೋದು ಶುರುವಾಯ್ತು. ಜಾಗ ಅದೇ, ಮನೆ ಅದೇ. ಮಾಪನ ಬದಲಾದದ್ದೇ ತಡ, ಒಳ್ಳೆ ಜಾಗ ಯಾವುದು ಅನ್ನೋದು ತಿರುಗುಮುರುಗಾಯ್ತು.

[ಪರದೆ: ಸುಣ್ಣದಕಲ್ಲು, ಗೂಡು, ಸಿಮೆಂಟ್ ಚೀಲ]

ಓಡಾಟದ ಕಥೆ ಇದಾದರೆ, ಕಟ್ಟಡದ ಒಳಗೇ ಇನ್ನೊಂದು ಲೆಕ್ಕ ಇದೆ: ಎಂಬಾಡೀಡ್ ಕಾರ್ಬನ್. ಸಿಮೆಂಟ್, ಸ್ಟೀಲ್, ಗಾಜು ತಯಾರಾಗಿ ಜಾಗಕ್ಕೆ ಬಂದು, ಕಟ್ಟಡ ಎದ್ದು ನಿಲ್ಲೋವರೆಗೆ ಎಷ್ಟು ಹೊರಬಿತ್ತು ಅನ್ನೋದೇ ಇದರಲ್ಲಿ ದೊಡ್ಡ ಪಾಲು. ಸುಣ್ಣದಕಲ್ಲನ್ನ ಗೂಡಿನಲ್ಲಿ ಕಾಯಿಸಿದಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಆಗುತ್ತೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಗೂಡಿಗೆ ಸೌರಶಕ್ತಿ ಕೊಟ್ಟರೂ ಇದು ನಿಲ್ಲೋದಿಲ್ಲ.

ಡೆನ್ಮಾರ್ಕ್ 2023ರಲ್ಲಿ 1,000 ಚದರ ಮೀಟರ್‌ಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಕಾರ್ಬನ್ ಮಿತಿ ಹಾಕಿತು: ಆಗ ಅದು ಚದರ ಮೀಟರ್‌ಗೆ ವರ್ಷಕ್ಕೆ 12 ಕೆಜಿ ಇತ್ತು, 2025ರಲ್ಲಿ ಇನ್ನೂ ಬಿಗಿಯಾಯ್ತು. ತಯಾರಿಕೆ, ಬಳಕೆ ಎಲ್ಲ ಸೇರಿಸಿ 50 ವರ್ಷಕ್ಕೆ ಹಂಚಿ ತೆಗೆದ ಸರಾಸರಿ ಇದು. ಒಳ್ಳೆಯ ನಿಯಮವೇ. ಆದರೆ ಸರಾಸರಿಯಲ್ಲಿ ಒಂದು ಮರೆಮಾಚು ಇದೆ. ಸಿಮೆಂಟಿನ ಕಾರ್ಬನ್ 50 ವರ್ಷ ನಿಧಾನಕ್ಕೆ ಹೊರಬರೋದಿಲ್ಲ, ಗೃಹಪ್ರವೇಶಕ್ಕೂ ಮೊದಲೇ ಪೂರ್ತಿ ಗಾಳಿ ಸೇರಿರುತ್ತೆ. ಬಳಕೆಯದ್ದು ಹಾಗಲ್ಲ, ಗ್ರಿಡ್ ಶುದ್ಧವಾದಂತೆ ಅದು ತಾನಾಗೇ ಇಳಿಯುತ್ತೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಬೇಕು ಅನ್ನೋದು ನನ್ನ ವಾದ. ಹಳೇ ಕಟ್ಟಡ ಕೆಡವೋದಾ, ರಿಪೇರಿ ಮಾಡೋದಾ ಅನ್ನೋ ಪ್ರಶ್ನೆಗೆ ಆಗ ಮಾತ್ರ ಸರಿಯಾದ ಉತ್ತರ ಸಿಗುತ್ತೆ.

[ಪರದೆ: ಗ್ರಾಫ್, ಚುಕ್ಕಿಗೆರೆ ಮೇಲಕ್ಕೆ, ಅದರ ಕೆಳಗೆ ಇನ್ನೊಂದು ಗೆರೆ]

ಕೊನೆಗೆ ಈ ಚುಕ್ಕಿಗೆರೆ. 'ನಮ್ಮ ಯೋಜನೆಯಿಂದ 30% ಉಳಿತಾಯ' ಅಂತ ಯಾರಾದರೂ ಹೇಳಿದರೆ, ಯಾವುದಕ್ಕೆ ಹೋಲಿಸಿ ಅಂತ ಕೇಳಿ. ಬಹಳ ಸಲ ಅದು ಇವತ್ತಿನ ಮಟ್ಟಕ್ಕೆ ಹೋಲಿಸಿದ್ದಲ್ಲ. 'ಏನೂ ಮಾಡದಿದ್ದರೆ ಇಷ್ಟಕ್ಕೆ ಏರ್ತಿತ್ತು' ಅನ್ನೋ ಊಹೆಗೆ ಹೋಲಿಸಿದ್ದು. ಆ ಚುಕ್ಕಿಗೆರೆಯನ್ನ ಸ್ವಲ್ಪ ಮೇಲಕ್ಕೆ ಎಳೆದರೆ ಉಳಿತಾಯ ಕೂತಲ್ಲೇ ಹೆಚ್ಚಾಗುತ್ತೆ, ಒಟ್ಟು ಹೊರಸೂಸುವಿಕೆ ಇವತ್ತಿಗಿಂತ ಏರಿದ್ದರೂ ಸಹ. ಆಕ್ಷೇಪಣೆಗೆ ಅಂತ ಕರಡು ಯೋಜನೆ ಹೊರಗೆ ಬಂದಾಗ ಬಣ್ಣದ ನಕ್ಷೆ ಆಮೇಲೆ ನೋಡಿ. ಊಹೆಗಳನ್ನ ಪಟ್ಟಿ ಮಾಡಿರೋ ಅನುಬಂಧವನ್ನ ಮೊದಲು ತೆರೀರಿ: ಜನಸಂಖ್ಯೆ ಎಷ್ಟು ಬೆಳೆಯುತ್ತೆ ಅಂದಿದ್ದಾರೆ, ಒಬ್ಬೊಬ್ಬರು ದಿನಕ್ಕೆ ಎಷ್ಟು ದೂರ ಓಡಾಡ್ತಾರೆ ಅಂದಿದ್ದಾರೆ, ಸಿಮೆಂಟ್ ಎಣಿಸಿದ್ದಾರಾ. ಅನುಬಂಧವೇ ಇಲ್ಲದಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ ಆಗಲಿ.