ಕಣ್ಣು ಕೆಂಪಾದಾಗ ಏನನ್ನು ನೋಡಬೇಕು?

ಎಲ್ಲರಿಗೂ ನಮಸ್ಕಾರ.

ಕಣ್ಣಿನ ಮುಂಭಾಗದ ಕಾಯಿಲೆಗಳು ಹತ್ತಾರು. ಆದರೆ ಹೆಚ್ಚಿನವು ಕಾಣಿಸಿಕೊಳ್ಳುವುದು ಒಂದೇ ಥರ: ಕಣ್ಣು ಕೆಂಪಾಗುತ್ತದೆ. ಫಜೀತಿ ಇರುವುದೇ ಇಲ್ಲಿ. ತಾನಾಗಿ ವಾಸಿಯಾಗುವ ಕೆಂಗಣ್ಣೂ ಕೆಂಪೇ, ದೃಷ್ಟಿಯನ್ನೇ ಕಸಿಯುವ ಹುಣ್ಣೂ ಕೆಂಪೇ.

ಹಾಗಾಗಿ ಮೊದಲು ಕೆಂಪು ಎಲ್ಲಿದೆ ನೋಡಿ. ಬಿಳಿಗುಡ್ಡೆಯ ಮೇಲೆಲ್ಲ ಹರಡಿ, ಕಪ್ಪುಗುಡ್ಡೆಯ ಹತ್ತಿರ ಬರುತ್ತಾ ಕಮ್ಮಿಯಾದರೆ ಸಾಮಾನ್ಯವಾಗಿ ಅದು ಕೆಂಗಣ್ಣು. ತುರಿಕೆ ಜಾಸ್ತಿ ಇದ್ದರೆ ಅಲರ್ಜಿ ಇರಬಹುದು. ಬರೀ ನೀರು ಸುರಿಯುತ್ತಿದ್ದರೆ ವೈರಸ್, ರೆಪ್ಪೆಗಳು ಪಿಸುರಿನಿಂದ ಅಂಟಿಕೊಂಡರೆ ಬ್ಯಾಕ್ಟೀರಿಯಾ ಅಂತ ಹೇಳುವುದುಂಟು. ಇದನ್ನು ಪೂರ್ತಿ ನಂಬಬೇಡಿ, ವೈರಸ್‌ನಲ್ಲೂ ರೆಪ್ಪೆ ಅಂಟುತ್ತದೆ.

ಕಪ್ಪುಗುಡ್ಡೆಯ ಅಂಚಿನ ಸುತ್ತಲೇ ಕೆಂಪು ಗಾಢವಾಗಿದ್ದರೆ ಮಾತ್ರ ಹುಷಾರು. ತೊಂದರೆ ಕಾರ್ನಿಯಾದಲ್ಲೋ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲೋ, ಅದರ ಹಿಂದೆಯೋ ಇರಬಹುದು. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಮಂಜಾಗಿದೆಯಾ? ನೋವಿದೆಯಾ? ಬೆಳಕು ಚುಚ್ಚುತ್ತದಾ? ಒಂದಕ್ಕೆ ಹೌದು ಅಂದರೂ ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಕಣ್ಣೊಳಗಿನ ಒತ್ತಡ ಇದ್ದಕ್ಕಿದ್ದಂತೆ ಏರುವ ಗ್ಲಾಕೋಮಾದಲ್ಲಿ ತಲೆನೋವು, ವಾಂತಿ ಎರಡೂ ಬರುತ್ತವೆ. ಎಷ್ಟೋ ಸಲ ಎಲ್ಲರೂ ಹೊಟ್ಟೆಯನ್ನೇ ಅನುಮಾನಿಸುತ್ತಾ ಕೂರುತ್ತಾರೆ. ಪಾಪೆ ಅರ್ಧ ಹಿಗ್ಗಿ, ಬೆಳಕು ಬಿಟ್ಟರೂ ಕುಗ್ಗದೆ ಹಾಗೇ ನಿಂತಿರುವುದನ್ನು ಯಾರೂ ನೋಡಿರುವುದಿಲ್ಲ.

ನಾವು ವೈದ್ಯರು ನೆಚ್ಚಿಕೊಂಡಿರುವುದು ಸ್ಲಿಟ್ ಲ್ಯಾಂಪನ್ನು. ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ 1911ರಲ್ಲಿ ಇದರ ಮೂಲರೂಪ ತೋರಿಸಿದರು. ತೆಳುವಾದ ಬೆಳಕಿನ ಪಟ್ಟಿಯನ್ನು ಓರೆಯಾಗಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅಷ್ಟರಲ್ಲೇ ಹುಣ್ಣು ಎಷ್ಟು ಆಳಕ್ಕಿಳಿದಿದೆ ಅಂತ ಗೊತ್ತಾಗುತ್ತದೆ. ಕಾರ್ನಿಯಾದ ಹಿಂದಿನ ನೀರು ತಿಳಿಯಾಗಿರಬೇಕು. ಒಳಗೆ ಉರಿಯೂತ ಇದ್ದರೆ, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ದೂಳು ತೇಲುವ ಹಾಗೆ ಅಲ್ಲಿ ಬಿಳಿ ರಕ್ತಕಣಗಳು ತೇಲುತ್ತಿರುತ್ತವೆ.

ಆಮೇಲೆ ಫ್ಲೋರೆಸಿನ್ ಬಣ್ಣ. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆಮಾಡಿ ರೆಪ್ಪೆಯ ಒಳಗೆ ತಾಕಿಸಿ, ನೀಲಿ ಬೆಳಕು ಬಿಟ್ಟರೆ, ಮೇಲ್ಪದರ ಕಿತ್ತುಹೋದ ಜಾಗ ಹಸಿರಾಗಿ ಹೊಳೆಯುತ್ತದೆ. ಕವಲೊಡೆದ ಗೆರೆ, ತುದಿಯಲ್ಲಿ ಸಣ್ಣ ಗುಬುಟು ಕಂಡರೆ ಹರ್ಪಿಸ್ ವೈರಸ್. ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡು, ಪಕ್ಕದಲ್ಲೇ ಚಿಕ್ಕ ಚುಕ್ಕೆಗಳಿದ್ದರೆ ಶಿಲೀಂಧ್ರದ ಅನುಮಾನ. ಆಗ ಹುಣ್ಣನ್ನು ಸ್ವಲ್ಪ ಕೆರೆದು ಲ್ಯಾಬಿಗೆ ಕಳಿಸುತ್ತೇವೆ.

ಇಷ್ಟೆಲ್ಲ ಯಾಕೆ ಅಂದರೆ, ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಹನಿ, ಅಂದರೆ ಉರಿಯೂತ ತಗ್ಗಿಸುವ ಔಷಧಿ. ಸುಮ್ನೆ ಎರಡು ತೊಟ್ಟು ಹಾಕಿದರೆ ಕೆಂಪು ಇಳಿಯುತ್ತದೆ, ಹಾಯೆನಿಸುತ್ತದೆ. ಒಳಗೆ ಹರ್ಪಿಸ್ ಅಥವಾ ಶಿಲೀಂಧ್ರ ಇದ್ದರೆ ಅದಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಕೆಂಪು ಹೋಯಿತು ಅಂತ ರೋಗ ಹೋಯಿತು ಅಂದುಕೊಳ್ಳುವುದೇ ದೊಡ್ಡ ಅಪಾಯ ಅಂತ ನನಗನ್ನಿಸುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕಣ್ಣು ಕೆಂಪಾದ ಕೂಡಲೇ ಲೆನ್ಸ್ ತೆಗೆಯಿರಿ. ಬಿಸಾಡಬೇಡಿ. ಲೆನ್ಸು, ಅದರ ಡಬ್ಬಿ, ಇಷ್ಟರತನಕ ಹಾಕಿದ ಹನಿಗಳ ಬಾಟಲಿ, ಎಲ್ಲವನ್ನೂ ವೈದ್ಯರ ಹತ್ತಿರ ತನ್ನಿ. ಕೆಲವೊಮ್ಮೆ ರೋಗಾಣು ಆ ಡಬ್ಬಿಯಲ್ಲೇ ಸಿಗುತ್ತದೆ.