ಮೊದಲು ಅವರ ಓಟ ನೋಡಿ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಸೈಕಲ್ ಓಟಗಾರ್ತಿ ಕ್ರಿಸ್ಟೀನಾ ಫೋಗೆಲ್ ಅವರ ಹೆಸರೆತ್ತಿದರೆ ಸಾಕು, ಎಲ್ಲರೂ ಗಾಲಿಕುರ್ಚಿಯ ಕಥೆಗೆ ಇಳಿಯುತ್ತಾರೆ. ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಇದು ಸರಿಬರುವುದಿಲ್ಲ. ಜರ್ಮನಿಯ ಜನ ಅವರನ್ನು ಮೆಚ್ಚಿಕೊಂಡದ್ದು ಅವರು ಗೆಲ್ಲುತ್ತಿದ್ದ ರೀತಿಗೆ. ದಯವಿಟ್ಟು ಮೊದಲು ಅವರ ಓಟ ನೋಡಿ.

ಅವರದು ಟ್ರ್ಯಾಕ್ ಸೈಕ್ಲಿಂಗ್. ಒಂದು ಸುತ್ತಿಗೆ 250 ಮೀಟರಿನ ಮರದ ಹಾದಿ, ತಿರುವುಗಳಲ್ಲಿ ಗೋಡೆಯಂತೆ ಎದ್ದಿರುತ್ತದೆ. ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲು ಬಿಡುವಂತಿಲ್ಲ. ಸ್ಪ್ರಿಂಟ್ ಎಂದರೆ ಇಬ್ಬರ ನಡುವಿನ ಹಣಾಹಣಿ. ಆರಂಭದಲ್ಲಿ ಇಬ್ಬರೂ ಬೇಕೆಂದೇ ನಿಧಾನ, ಕೆಲವೊಮ್ಮೆ ನಿಂತೇ ಬಿಡುತ್ತಾರೆ! ಮುಂದಿರುವವರು ಗಾಳಿಯನ್ನು ಸೀಳಬೇಕು, ಹಿಂದಿರುವವರಿಗೆ ಆ ಕಷ್ಟವಿಲ್ಲ. ಹಾಗಾಗಿ ಮೊದಲು ಹೊರಡಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ಯಾರಾದರೊಬ್ಬರು ಒಮ್ಮೆಲೇ ನುಗ್ಗುತ್ತಾರೆ.

ಈಗ 2016ರ ರಿಯೊ ಒಲಿಂಪಿಕ್ಸ್‌ಗೆ ಬನ್ನಿ. ಸ್ಪ್ರಿಂಟ್ ಫೈನಲ್, ಎದುರಾಳಿ ಬ್ರಿಟನ್ನಿನ ಬೆಕಿ ಜೇಮ್ಸ್. ಮೂರು ಓಟಗಳಲ್ಲಿ ಎರಡು ಗೆದ್ದವರಿಗೆ ಚಿನ್ನ. ಮೊದಲನೆಯದು ಫೋಗೆಲ್ ಪಾಲಾಯಿತು. ಎರಡನೆಯದರ ಕೊನೆಯಲ್ಲಿ ಇಬ್ಬರೂ ಅಕ್ಕಪಕ್ಕ. ಇಂಥ ಕಡೆ ಓಟಗಾರರು ತೋಳು ಚಾಚಿ ಸೈಕಲ್ಲನ್ನೇ ಗೆರೆಯತ್ತ ಮುಂದಕ್ಕೆ ತಳ್ಳುತ್ತಾರೆ, ಮುಂಚಕ್ರ ಬೆರಳಿನಷ್ಟು ಮೊದಲು ಮುಟ್ಟಿದರೂ ಗೆಲುವು. ಕೇಳಿ, ಅಷ್ಟರಲ್ಲಿ ಫೋಗೆಲ್ ಅವರ ಸೀಟೇ ಕಳಚಿ ಬಿದ್ದಿತ್ತು! ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗ, ಕೆಳಗೆ ಉಳಿದದ್ದು ಬರೀ ಕಂಬಿ. ಬ್ರೇಕ್ ಇಲ್ಲವೆಂದೆನಲ್ಲ, ಪೆಡಲ್ ಕೂಡ ನಿಲ್ಲದು. ಅವರು ಬೀಳಲಿಲ್ಲ. ಗೆರೆ ದಾಟಿದರು, ಕೂದಲೆಳೆಯ ಅಂತರದಲ್ಲಿ ಗೆದ್ದರು. ಮಹಿಳೆಯರ ಸ್ಪ್ರಿಂಟ್‌ನಲ್ಲಿ ಜರ್ಮನಿಗೆ ಒಲಿಂಪಿಕ್ಸ್‌ನ ಮೊದಲ ಚಿನ್ನ ಅದು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹುಟ್ಟಿದ್ದು 1990ರಲ್ಲಿ, ಕಿರ್ಗಿಸ್ತಾನದಲ್ಲಿ. ಎಳವೆಯಲ್ಲೇ ಜರ್ಮನಿಗೆ ಬಂದರು. 2009ರಲ್ಲಿ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ವ್ಯಾನ್ ಡಿಕ್ಕಿಯಾಗಿ ಕೋಮಾಕ್ಕೆ ಹೋದವರು, ಮೂರೇ ವರ್ಷಗಳಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿರಿಯಂ ವೆಲ್ಟೆ ಜೊತೆಗೂಡಿ ತಂಡ ಸ್ಪ್ರಿಂಟ್‌ನ ಚಿನ್ನ ಗೆದ್ದರು. 2018ರ ವಸಂತದ ಹೊತ್ತಿಗೆ ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳು 11. ಆಸ್ಟ್ರೇಲಿಯದ ಅನ್ನಾ ಮಿಯರ್ಸ್ ಅವರಿಗೆ ಸರಿಸಮ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಓಟ ನೋಡಿ.

ಹೌದು, ಅದೇ 2018ರ ಜೂನ್‌ನಲ್ಲಿ ಜರ್ಮನಿಯ ಕಾಟ್‌ಬಸ್‌ನ ಟ್ರ್ಯಾಕ್‌ನಲ್ಲಿ ಅಭ್ಯಾಸದ ವೇಳೆ ಇನ್ನೊಬ್ಬ ಓಟಗಾರನಿಗೆ ಡಿಕ್ಕಿಯಾಗಿ ಬೆನ್ನುಹುರಿಗೆ ಪೆಟ್ಟಾಯಿತು, ನಡೆಯುವ ಶಕ್ತಿ ಹೋಯಿತು. ಮರುವರ್ಷವೇ ಎರ್‌ಫುರ್ಟ್ ನಗರಸಭೆಗೆ ಆಯ್ಕೆಯಾದರು. ಟಿವಿಯಲ್ಲಿ ಟ್ರ್ಯಾಕ್ ಓಟಗಳನ್ನು ಜನರಿಗೆ ಬಿಡಿಸಿ ಹೇಳುತ್ತಾರೆ. ನಮಸ್ಕಾರ.